ಅಪ್ಪ, ಅಯೋವಾ ಮತ್ತು ಎರೆ ಮಣ್ಣಿನ ರಸ್ತೆ

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಮೊದಲ ಸಲ ನಮ್ಮ ಮನೆಗೆ ಬಂದರು. ನಾವಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ, ರಾಜಧಾನಿ ಡೆಮಾಯ್ನ್ ಪಕ್ಕದಲ್ಲಿ. ಅವರ ಮನಸ್ಸಿನಲ್ಲಿದ್ದ ಅಮೆರಿಕ ಬರೀ ಎತ್ತರದ ಕಟ್ಟಡಗಳದ್ದು. ವಿಮಾನ ನಿಲ್ದಾಣದಿಂದ ಬರುವಾಗ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಇದೇನೋ ತಮ್ಮಾ, ಇಲ್ಲೂ ಬರೀ ಹೊಲಾನ ಅದಾವಲ್ಲೋ" ಅಂದರು. ಬೇಜಾರಿನಿಂದ ಅಂದಿದ್ದಲ್ಲ. ನವಲಗುಂದದ ಕಡೆಯ ರೈತ ಅವರು, ಕಪ್ಪು ನೆಲ ಕಂಡರೆ ಮುಖ ಅರಳುತ್ತದೆ.

ಮುಂದಿನ ಶನಿವಾರ ವಿಂಟರ್‌ಸೆಟ್ ಅನ್ನುವ ಊರಿನ ಕಡೆ ಹೊರಟೆವು. ಆ ಕೌಂಟಿಯಲ್ಲಿ (ನಮ್ಮ ತಾಲ್ಲೂಕಿನಂಥದ್ದು) ಮೇಲೆ ಮಾಡು, ಪಕ್ಕಕ್ಕೆ ಹಲಗೆ ಗೋಡೆ ಇರುವ ಹಳೇ ಮರದ ಸೇತುವೆಗಳಿವೆ. ಚಂದಕ್ಕೆ ಮಾಡು ಹಾಕಿದ್ದು ಅಂದುಕೊಂಡಿದ್ದೆ. ಅಲ್ಲವಂತೆ. ಓಡಾಡುವ ದಪ್ಪ ಹಲಗೆ ಮಳೆಗೆ ಕೊಳೆತರೆ ಬದಲಿಸೋಕೆ ಜಾಸ್ತಿ ಖರ್ಚು, ಮೇಲಿನ ತೆಳು ಹಲಗೆಗೆ ಕಡಿಮೆ. ಹಾಗಾಗಿ ಕೌಂಟಿಯ ಆಡಳಿತ ಮಂಡಳಿಯವರು ಸೇತುವೆಗೆ ಟೋಪಿ ಹಾಕಿಸಿದರು. ಅಪ್ಪನಿಗೆ ಈ ಜಿಪುಣತನ ಬಹಳ ಹಿಡಿಸಿತು.

ಎಡವಟ್ಟಾಗಿದ್ದು ವಾಪಸ್ ಬರುವಾಗ. ಫೋನಿನ ಮ್ಯಾಪು ಆರು ನಿಮಿಷ ಉಳಿಯುತ್ತೆ ಅಂತ ಬೇರೆ ದಾರಿ ತೋರಿಸಿತು. ಆರು ನಿಮಿಷ ಉಳಿಸಿ ನಾನೇನು ಮಾಡಬೇಕಿತ್ತೋ, ತಿರುಗಿಸಿದೆ. ಡಾಂಬರು ಮುಗಿದು ಜಲ್ಲಿ ಬಂತು, ಎರಡು ಮೈಲಿ ಆದ ಮೇಲೆ ಜಲ್ಲಿಯೂ ಮುಗಿಯಿತು. ಪಕ್ಕದಲ್ಲಿ ಒಂದು ಬೋರ್ಡು: ಲೆವೆಲ್ ಬಿ ಸರ್ವೀಸ್, ಹೋಗುವುದಾದರೆ ನಿಮ್ಮ ಜವಾಬ್ದಾರಿ. ಓದಿದೆ. ಓದಿಯೂ ಹೋದೆ. ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು.

ಇನ್ನೂರು ಅಡಿ ಹೋಗಿರಬಹುದು. ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಕಾರು ಇನ್ನೊಂದು ಕಡೆ ಜಾರುತ್ತಿತ್ತು. ಕೊನೆಗೆ ಮೋರಿ ಕಡೆ ವಾಲಿ ನಿಂತಿತು. ಗಾಲಿಗೆ ಮಣ್ಣು ಎಷ್ಟು ಅಂಟಿತ್ತೆಂದರೆ ಟೈರು ಯಾವುದು ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ಅಪ್ಪ ಇಳಿದು, ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿದರು. "ಏ ತಮ್ಮಾ, ಇದು ನಮ್ಮ ಎರಿ ಮಣ್ಣಿದ್ದಂಗ ಐತಲ್ಲೋ. ಮಳಿ ಆದ ಮರುದಿನ ಎರಿ ಹೊಲದಾಗ ಯಾರರ ಗಾಡಿ ಹೂಡ್ತಾರೇನು?" ಹಿಂದಿನ ಸೀಟಿನಿಂದ ನನ್ನ ಹೆಂಡತಿ, "ಹೇಳ್ರಿ ಮಾವಾರ, ಬೋರ್ಡು ಓದಿನೂ ಬಂದಾರ ನಿಮ್ಮ ಮಗ" ಅಂತ ಒಗ್ಗರಣೆ ಹಾಕಿದಳು.

ಮುಕ್ಕಾಲು ಗಂಟೆ ನಿಂತಿದ್ದೆವು. ದೂರದ ಮನೆಯಿಂದ ಒಬ್ಬ ಮುದುಕ ಟ್ರ್ಯಾಕ್ಟರ್ ತಂದ. ಏನೂ ಕೇಳಲಿಲ್ಲ, ಸರಪಳಿ ಕಟ್ಟಿ ಎಳೆದ. ದುಡ್ಡು ಕೊಡಲು ಹೋದರೆ ಕೈ ಅಡ್ಡ ಮಾಡಿದ. ಈ ವರ್ಷ ನೀವು ಮೂರನೆಯವರು ಅಂದ. "ಈ ರಸ್ತೆ ಮ್ಯಾಪಿನಲ್ಲಿ ಯಾವಾಗಲೂ ಇರುತ್ತೆ, ನೆಲದ ಮೇಲೆ ಒಣಗಿದಾಗ ಮಾತ್ರ" ಅಂತ ನಕ್ಕ.

ಆ ಮಾತು ತಲೆಯಲ್ಲಿ ಉಳಿಯಿತು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಇಂಟರ್‌ಸ್ಟೇಟ್ ಹೆದ್ದಾರಿ ಬಿಟ್ಟು ಬೇರೆ ರಸ್ತೆ ಯಾರದ್ದು, ಯಾರು ನೋಡಿಕೊಳ್ಳುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಓದುತ್ತಾ ಹೋದೆ.

ಅಯೋವಾದಲ್ಲಿ 99 ಕೌಂಟಿಗಳು. ಕೌಂಟಿ ಅಂದರೆ ಸುಮಾರಾಗಿ ನಮ್ಮ ತಾಲ್ಲೂಕಿನಷ್ಟು ದೊಡ್ಡದು, ಆದರೆ ತನ್ನದೇ ಚುನಾಯಿತ ಸರ್ಕಾರ ಇರುವಂಥದ್ದು. ಎಲ್ಲಾ ಕೌಂಟಿಗಳ ರಸ್ತೆ ಸೇರಿಸಿದರೆ ಸುಮಾರು 90,000 ಮೈಲಿ, ಅಂದರೆ ಹತ್ತಿರ ಹತ್ತಿರ 1.45 ಲಕ್ಷ ಕಿಲೋಮೀಟರ್. ರಾಜ್ಯದ ವಿಸ್ತೀರ್ಣವೂ ಹೆಚ್ಚುಕಡಿಮೆ 1.45 ಲಕ್ಷ ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರ್ ನೆಲಕ್ಕೆ ಒಂದು ಕಿಲೋಮೀಟರ್ ಕೌಂಟಿ ರಸ್ತೆ ಅಂತಾಯಿತು! ಇಡೀ ರಾಜ್ಯದ ಜನ 32 ಲಕ್ಷ. ಈ ರಸ್ತೆಗಳಲ್ಲಿ ಬಹುಪಾಲು ಜಲ್ಲಿಯವು. ಡಾಂಬರು, ಕಾಂಕ್ರೀಟು ಕಂಡವು ಕಡಿಮೆ, ನಾನು ಹೂತುಕೊಂಡಂಥ ಬರೀ ಮಣ್ಣಿನವೂ ಸಾವಿರಾರು ಮೈಲಿ ಇವೆ.

ಇಷ್ಟೊಂದು ರಸ್ತೆ ಯಾಕೆ? ಬೇರು 1785ರ ಭೂ ಕಾನೂನಿನಲ್ಲಿದೆ. ಹೊಸ ದೇಶದ ಪಶ್ಚಿಮದ ನೆಲವನ್ನು ಮಾರಬೇಕಿತ್ತು. ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್, ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್. ಒಂದು ಸೆಕ್ಷನ್ 640 ಎಕರೆ, ಆಮೇಲಾಮೇಲೆ ಅದರ ಕಾಲು ಭಾಗ 160 ಎಕರೆ ಒಂದು ಕುಟುಂಬಕ್ಕೆ ಅಂತಾಯಿತು. ಸೆಕ್ಷನ್ನಿನ ಗೆರೆಯೇ ಮುಂದೆ ರಸ್ತೆಯಾಯಿತು. ಹಾಗಾಗಿ ಮೈಲಿಗೊಂದು ರಸ್ತೆ, ಚದುರಂಗದ ಹಾಸಿನ ಹಾಗೆ. ಗೆರೆ ಎಳೆದವರಿಗೆ ಭೂಮಿ ಗುಂಡಗಿದೆ ಅನ್ನುವುದು ಮಾತ್ರ ತಲೆನೋವು. ಉತ್ತರಕ್ಕೆ ಹೋದ ಹಾಗೆ ಉತ್ತರ ದಕ್ಷಿಣದ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವಲ್ಲ, ಅದಕ್ಕೆ ಅಲ್ಲಲ್ಲಿ ತಿದ್ದಿ ಮತ್ತೆ ಶುರು ಮಾಡಿದರು. ನೇರ ಹೋಗುತ್ತಿರುವ ರಸ್ತೆ ಕಾರಣವೇ ಇಲ್ಲದೆ ಬಲಕ್ಕೆ ಸೊಟ್ಟ ತಿರುಗಿ ಮತ್ತೆ ನೇರ ಆಗುವುದನ್ನು ಎಷ್ಟೋ ಸಲ ನೋಡಿದ್ದೆ. ಕಾಂಟ್ರಾಕ್ಟರ್ ಕುಡಿದಿರಬೇಕು ಅಂದುಕೊಂಡಿದ್ದೆ, ಪಾಪ.

ರಸ್ತೆಗೆ ಬಿಟ್ಟ ಜಾಗ ಮೋರಿ ಸೇರಿ 66 ಅಡಿ. ಅದು ಸರ್ವೇಯವರ ಸರಪಳಿಯ ಉದ್ದ. ಇದನ್ನು ಅಪ್ಪನಿಗೆ ಹೇಳಿದ್ದೇ ತಡ, "ನಮ್ಮ ಸರಪಳಿ 33 ಅಡಿ, ಅದರ ಎರಡರಷ್ಟು" ಅಂದರು. ನಮ್ಮ ಗುಂಟೆ ಅಂದರೆ 33 ಅಡಿಗೆ 33 ಅಡಿ ಅಲ್ವಾ, 40 ಗುಂಟೆಗೆ ಎಕರೆ. ಅವರು ಅಲ್ಲೇ ಊಟದ ಮೇಜಿನ ಮೇಲೆ ಬೆರಳಾಡಿಸಿ ಲೆಕ್ಕ ಹಾಕಿದರು. ಒಂದು ಮೈಲಿ ಇಂಥ ರಸ್ತೆಗೆ ಹೋಗುವ ನೆಲ 8 ಎಕರೆ. ನಾನು ಕ್ಯಾಲ್ಕ್ಯುಲೇಟರ್‌ನಲ್ಲಿ ನೋಡಿದೆ, ಸರಿಯಾಗಿ ಎಂಟೇ. "ನಮ್ಮ ಹೊಲಕ್ಕಿಂತ ಒಂದೆಕರೆ ಜಾಸ್ತಿ" ಅಂದು ಸುಮ್ಮನಾದರು.

ಮೋರಿಯಲ್ಲಿ ಸೊಂಟದೆತ್ತರದ ಹುಲ್ಲು ಕಂಡು ಅವರಿಗೆ ತಡೆಯಲಾಗಲಿಲ್ಲ, ಇಷ್ಟು ಮೇವು ಸುಮ್ನೆ ಬಿಟ್ಟಾರಲ್ಲ ಅಂತ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡಲಿ ಅಂತ ಜುಲೈ 15ರ ತನಕ ಕೊಯ್ಯಬಾರದೆಂದು ಇಲ್ಲಿ ಕಾನೂನಿದೆ. ಕೆಲವು ವಿನಾಯಿತಿಗಳೂ ಇವೆ ಅನ್ನಿ.

ಜಲ್ಲಿ ರಸ್ತೆ ನೋಡಿಕೊಳ್ಳುವ ಗಾಡಿಗೆ ಊರೆಲ್ಲಾ ಮೋಟರ್ ಗ್ರೇಡರ್ ಅಂದರೆ ಇಲ್ಲಿಯವರು 'ಮೇಂಟೇನರ್' ಅನ್ನುತ್ತಾರೆ. ಹಳದಿ ಗಾಡಿ, ಹೊಟ್ಟೆ ಕೆಳಗೆ ಓರೆ ಅಲಗು. ಜಲ್ಲಿಯ ಮೇಲೆ ಗಾಡಿಗಳು ಓಡಿ ಓಡಿ ಅಡ್ಡಡ್ಡ ಅಲೆ ಏಳುತ್ತವೆ, ಬಟ್ಟೆ ಉಜ್ಜುವ ಹಲಗೆಯ ಹಾಗೆ. ಅದನ್ನು ಕೆತ್ತಿ, ಅಂಚಿಗೆ ಹೋದ ಜಲ್ಲಿಯನ್ನು ಮತ್ತೆ ಒಳಗೆ ಎಳೆದು, ನೀರು ಇಳಿದುಹೋಗುವ ಹಾಗೆ ನಡು ಎತ್ತರ ಮಾಡಿ ಹೋಗುತ್ತಾನೆ. ಅಪ್ಪ ಒಂದು ದಿನ ಕಾರು ನಿಲ್ಲಿಸಿಸಿ ಹದಿನೈದು ನಿಮಿಷ ನೋಡಿದರು. "ಕುಂಟಿ ಹೊಡದಂಗ ಹೊಡೀತಾನ ನೋಡು" ಅಂದರು. ಇದು ಬರೀ ಹೋಲಿಕೆಯಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಈ ರಸ್ತೆಗಳಿಗೆ ನಿಜಕ್ಕೂ ಕುಂಟೆಯನ್ನೇ ಹೊಡೆಯುತ್ತಿದ್ದರು. ಪಕ್ಕದ ಮಿಸ್ಸೂರಿಯ ಡಿ. ವಾರ್ಡ್ ಕಿಂಗ್ ಅನ್ನುವ ರೈತ ದಿಮ್ಮಿಯೊಂದನ್ನು ಉದ್ದಕ್ಕೆ ಸೀಳಿ, ಎರಡು ಹೋಳು ಜೋಡಿಸಿ, ಕುದುರೆಗೆ ಕಟ್ಟಿ ಮಳೆ ನಿಂತ ಮೇಲೆ ಮಣ್ಣು ರಸ್ತೆಯ ಮೇಲೆ ಎಳೆಯುತ್ತಿದ್ದ. ಹದವಾದ ಮಣ್ಣು ಸಪಾಟಾಗಿ ಗಟ್ಟಿಯಾಗುತ್ತಿತ್ತು. ರೈತರು ತಮ್ಮ ತಮ್ಮ ಮನೆ ಮುಂದಿನ ರಸ್ತೆಗೆ ತಾವೇ ಹೀಗೆ ಎಳೆಯಿರಿ ಅಂತ ಆತ ಊರೂರು ತಿರುಗಿ ಹೇಳಿದ. ಅಯೋವಾದಲ್ಲಿ ಅದು ಚೆನ್ನಾಗಿಯೇ ನಾಟಿತು. ಕಾಂಕ್ರೀಟಿನಲ್ಲೂ ಇವರು ಹಿಂದೆ ಬಿದ್ದವರಲ್ಲ. ಎರಡೂ ಬದಿ ಅಚ್ಚು ಕಟ್ಟದೆ, ಗಾಡಿಯೇ ಮುಂದೆ ಹೋಗುತ್ತಾ ಹಿಂದೆ ರಸ್ತೆ ಹಾಸುತ್ತಾ ಬರುವ ಸ್ಲಿಪ್‌ಫಾರ್ಮ್ ಪೇವರ್ ಮೊದಲು ದುಡಿದದ್ದು 1949ರಲ್ಲಿ, ಅಯೋವಾದ ಕೌಂಟಿ ರಸ್ತೆಗಳ ಮೇಲೆ.

ಈ ರಸ್ತೆಗಳಲ್ಲಿ ಓಡಿಸುವ ರೀತಿಯೇ ಬೇರೆ. ಎಲ್ಲರೂ ನಡುವಿನ ಜಾಡಿನಲ್ಲೇ ಹೋಗುತ್ತಾರೆ, ಎದುರು ಗಾಡಿ ಬಂದಾಗ ಅಂಚಿಗೆ ಸರಿಯುತ್ತಾರೆ. ದೂರದಲ್ಲಿ ಧೂಳಿನ ಬಾಲ ಕಂಡರೆ ಯಾರೋ ಬರುತ್ತಿದ್ದಾರೆ ಅಂತ. ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಅದೇ ನಮಸ್ಕಾರ. ಜುಲೈ ಕಳೆದ ಮೇಲೆ ಮೆಕ್ಕೆಜೋಳ ಆಳೆತ್ತರ ದಾಟಿ ನಿಂತಾಗ ಹುಷಾರಾಗಿರಬೇಕು, ಎಷ್ಟೋ ಕೂಡು ರಸ್ತೆಗಳಲ್ಲಿ ಸ್ಟಾಪ್ ಬೋರ್ಡೇ ಇರುವುದಿಲ್ಲ, ಅಡ್ಡದಿಂದ ಬರುವವನು ಕಾಣುವುದೂ ಇಲ್ಲ.

ಡಾಂಬರಿನ ಮುಖ್ಯ ಕೌಂಟಿ ರಸ್ತೆಗಳಿಗೆ ನೀಲಿ ಐದು ಮೂಲೆಯ ಫಲಕದ ಮೇಲೆ ಹಳದಿ ಅಕ್ಷರದಲ್ಲಿ ಹೆಸರು. ಅದಕ್ಕೂ ಲೆಕ್ಕವಿದೆ. ಪೂರ್ವ ಪಶ್ಚಿಮ ಹೋಗುವವು ಉತ್ತರದ ಗಡಿಯಲ್ಲಿ ಎ ಇಂದ ಶುರುವಾಗಿ ದಕ್ಷಿಣಕ್ಕೆ ಜೆ ತನಕ. ಉತ್ತರ ದಕ್ಷಿಣದವು ಪಶ್ಚಿಮದಲ್ಲಿ ಕೆ ಇಂದ ಪೂರ್ವಕ್ಕೆ ಝಡ್ ತನಕ. ಎಫ್ ಮತ್ತು ಆರ್ ಸಿಕ್ಕರೆ ಡೆಮಾಯ್ನ್ ಹತ್ತಿರ ಇದ್ದೀವಿ ಅಂತ ನನಗೀಗ ಸಮಾಧಾನ. ಫೋನಿನ ಮೇಲೆ ನಂಬಿಕೆ ಹೋದವನಿಗೆ ಇದು ದೊಡ್ಡ ಆಸರೆ.

ಸರಿ, ಆ ಮಣ್ಣಿನ ರಸ್ತೆಗೆ ಯಾಕೆ ಜಲ್ಲಿ ಹಾಕಿಲ್ಲ? ಜಾಲ ಹೆಣೆದಾಗ ಲೆಕ್ಕ ಕುದುರೆಯದ್ದು, ಕುಟುಂಬಕ್ಕೆ 160 ಎಕರೆಯದ್ದು. 1900ರ ಹೊತ್ತಿಗೆ ಅಯೋವಾದಲ್ಲಿ 2 ಲಕ್ಷಕ್ಕೂ ಹೆಚ್ಚು ಒಕ್ಕಲುತನಗಳಿದ್ದವು, 2022ರ ಗಣತಿಯಲ್ಲಿ 87,000ದಷ್ಟು. ಮನೆಗಳು ಹೋದವು, ರಸ್ತೆ ಉಳಿಯಿತು. ಅದರ ಮೇಲೆ ಈಗ ಓಡುವುದು ಕುದುರೆ ಗಾಡಿಯಲ್ಲ, 36 ಟನ್ ತೂಗುವ ಕಾಳಿನ ಲಾರಿ. ಅದಕ್ಕೇ ಕೌಂಟಿಗಳಿಗೆ ಕಾನೂನು ಒಂದು ದಾರಿ ಬಿಟ್ಟಿದೆ: ಮನೆಯಿಲ್ಲದ, ಹೊಲಕ್ಕೆ ಹೋಗುವವರು ಮಾತ್ರ ಬಳಸುವ ರಸ್ತೆಯನ್ನು ಲೆವೆಲ್ ಬಿ ಅಂತ ಇಳಿಸಬಹುದು. ಬೋರ್ಡು ಹಾಕಿದರೆ ಸಾಕು, ಹೂತುಕೊಂಡವನ ಹಣೆಬರಹ ಅವನದ್ದು. ಲೆವೆಲ್ ಸಿ ಅಂದರೆ ಗೇಟು ಹಾಕಿ ಅಕ್ಕಪಕ್ಕದ ಜಮೀನಿನವರನ್ನು ಮಾತ್ರ ಬಿಡುವುದು.

ಸೇತುವೆಗಳದ್ದು ಇನ್ನೂ ಕಷ್ಟ. ಕೌಂಟಿಗಳ ಕೈಯಲ್ಲಿ ಸುಮಾರು 19,000 ಸೇತುವೆ. ಸ್ಥಿತಿ ಕೆಟ್ಟಿರುವ ಸೇತುವೆಗಳ ಪಟ್ಟಿ ಮಾಡಿದಾಗೆಲ್ಲ ಅಯೋವಾ ದೇಶಕ್ಕೇ ಮೊದಲು ಬರುತ್ತದೆ, ಬಹುತೇಕ ಇವುಗಳಿಂದಾಗಿ. ಬೀಳುವುದಕ್ಕೆ ಕಾಯುವುದಿಲ್ಲ, ಇಷ್ಟೇ ಟನ್ ಅಂತ ಬೋರ್ಡು ಹಾಕುತ್ತಾರೆ. ಲಾರಿ ಸುತ್ತಿ ಹೋಗಬೇಕು. ಕೆಲವು ಕೌಂಟಿಗಳು ಹಳೇ ರೈಲಿನ ಚಪ್ಪಟೆ ಬೋಗಿಯನ್ನೇ ಹಳ್ಳದ ಮೇಲೆ ಇಟ್ಟು ಸೇತುವೆ ಮಾಡಿವೆ. ಹಾಗಂತ ಎಲ್ಲವೂ ಜುಗಾಡ್ ಅಲ್ಲ. ಅತಿ ಗಟ್ಟಿ ಕಾಂಕ್ರೀಟಿನ, ಯುಎಚ್‌ಪಿಸಿ ತೊಲೆಯ ಅಮೆರಿಕದ ಮೊದಲ ರಸ್ತೆ ಸೇತುವೆ 2006ರಲ್ಲಿ ಇಲ್ಲಿಯ ವಾಪೆಲ್ಲೋ ಕೌಂಟಿಯ ಮಾರ್ಸ್ ಹಿಲ್‌ನಲ್ಲಿ ಆಯಿತು, ಅದೂ ಹೆಚ್ಚು ಗಾಡಿ ಓಡದ ಹಳ್ಳಿ ದಾರಿಯಲ್ಲಿ.

ದುಡ್ಡು ಬರುವುದು ಮುಖ್ಯವಾಗಿ ಪೆಟ್ರೋಲ್ ತೆರಿಗೆ, ವಾಹನ ನೋಂದಣಿಯಿಂದ, ಜತೆಗೆ ಆಸ್ತಿ ತೆರಿಗೆಯಿಂದ. ರಾಜ್ಯದ ರಸ್ತೆ ನಿಧಿಯಲ್ಲಿ ಶೇ 24.5 ಕೌಂಟಿ ರಸ್ತೆಗಳಿಗೆ, ಇನ್ನೊಂದು ಶೇ 8 ಹೊಲದಿಂದ ಮಾರುಕಟ್ಟೆಗೆ ಹೋಗುವ ರಸ್ತೆಗಳಿಗೆ. 1989ರಿಂದ ಏರದೆ ನಿಂತಿದ್ದ ತೆರಿಗೆಯನ್ನು 2015ರಲ್ಲಿ ಗ್ಯಾಲನ್ನಿಗೆ ಒಮ್ಮೆಲೇ 10 ಸೆಂಟ್ ಏರಿಸಿದರು. ಆಗ ಆಫೀಸಿನಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬ. ನಾನು ಪಟ್ಟಣದಲ್ಲಿ ಪೆಟ್ರೋಲ್ ಹಾಕಿಸಿದರೆ ಯಾವನೋ ರೈತನ ರಸ್ತೆಗೆ ಯಾಕೆ ಹೋಗಬೇಕು ಅಂತ. ಅದೇ ರಸ್ತೆಯ ಮೇಲೆ ಅದೇ ರೈತ ನನ್ನ ಕಾರು ಎಳೆದು ಕೊಟ್ಟ.

ಹಾಗಂತ ಎಲ್ಲಾ ರಸ್ತೆ ಉಳಿಸಬೇಕು ಅಂತ ನಾನು ಹೇಳಲಾರೆ. ವರ್ಷಕ್ಕೆ ನಾಲ್ಕು ಜನ ಓಡಾಡುವ ಸೇತುವೆಗೆ ಲಕ್ಷಾಂತರ ಡಾಲರ್ ಸುರಿಯುವುದು ನನ್ನ ತಲೆಗೆ ಹತ್ತುವುದಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಇದನ್ನು ಯಾರಿಗೆ ಕೇಳಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಮುಂದಿನ ಐದು ವರ್ಷ ಯಾವ ರಸ್ತೆ, ಯಾವ ಸೇತುವೆ ಅಂತ ಕೌಂಟಿ ಎಂಜಿನಿಯರ್ ಪಟ್ಟಿ ಮಾಡಿ ಆಡಳಿತ ಮಂಡಳಿಯ ಮುಂದೆ ಇಡುತ್ತಾರೆ, ಯಾರು ಬೇಕಾದರೂ ಓದಬಹುದು. ರಸ್ತೆಯೊಂದನ್ನು ಪೂರ್ತಿ ಬಿಟ್ಟುಬಿಡಬೇಕಾದರೆ ಸಭೆ ಕರೆದು ಜನರ ಮಾತು ಕೇಳಲೇಬೇಕು. ನಾನು ಆ ಪಟ್ಟಿ ಹುಡುಕಿ ಓದಿದೆ, ನಮ್ಮ ಮಣ್ಣಿನ ರಸ್ತೆ ಅದರಲ್ಲಿ ಇರಲಿಲ್ಲ.

ಅಪ್ಪ ಅಕ್ಟೋಬರ್ ಮೊದಲೇ ಊರಿಗೆ ಹೋದರು. ಹೋಗುವ ಹಿಂದಿನ ವಾರ ಒಂದು ಡಬ್ಬಿ ಬೇಸನ್ ಉಂಡಿ ಹಿಡಿದು ಆ ಮುದುಕನ ಮನೆಗೆ ಹೋಗಿದ್ದೆವು, ಈ ಸಲ ಜಲ್ಲಿ ರಸ್ತೆಯಲ್ಲೇ ಸುತ್ತು ಹಾಕಿ. ಇಬ್ಬರೂ ಬೇಲಿಯ ಹತ್ತಿರ ನಿಂತು ಅರ್ಧ ಗಂಟೆ ಮಾತಾಡಿದರು, ಒಬ್ಬರ ಭಾಷೆ ಒಬ್ಬರಿಗೆ ಬರದು, ನಡುವೆ ನಾನು. ಆಮೇಲೆ ನಾನೂ ಬೇಕಾಗಲಿಲ್ಲ, ಇಬ್ಬರೂ ಬಗ್ಗಿ ಮಣ್ಣು ಹಿಡಿದುಕೊಂಡು ನೋಡುತ್ತಿದ್ದರು.