ಮೇಲಿದ್ದ ಚೀಟಿಗಳು

ವಸತಿ ಹಂಚಿಕೆ ಶಾಖೆಯ ವಿಷಯ ನಿರ್ವಾಹಕನಿಗೆ ಕಡತಗಳ ಪರಿಚಯ ಹೆಚ್ಚು, ಜನರದು ಕಡಿಮೆ. ಆ ದಿನ ಜನರೆಲ್ಲ ಎದುರಿಗೇ ಕೂತಿದ್ದರು.

40 ಮನೆ, 611 ಅರ್ಜಿ. ಆದಾಯ, ಕುಟುಂಬದ ಗಾತ್ರ, ಬೇರೆಲ್ಲಾದರೂ ಸ್ವಂತ ಮನೆ ಇದೆಯೇ, ಗಂಡ ಹೆಂಡತಿ ಬೇರೆ ಬೇರೆ ಅರ್ಜಿ ಹಾಕಿದ್ದಾರೆಯೇ ಎಂದು ನೋಡುವುದರಲ್ಲಿ ಮೂರು ತಿಂಗಳು ಕಳೆದಿತ್ತು. ಅಂಗವಿಕಲರಿಗೂ ವೃದ್ಧರಿಗೂ ನೆಲಮಹಡಿಯ ಮನೆಗಳನ್ನು ಮೊದಲೇ ತೆಗೆದಿರಿಸಿದ್ದೆವು. ಉಳಿದವರೆಲ್ಲ ನಿಯಮದ ಕಣ್ಣಿಗೆ ಸಮಾನರು. ಮೊದಲು ಬಂದವರಿಗೇ ಮನೆ ಎಂದರೆ, ಸಾಲಿನಲ್ಲಿ ನಿಲ್ಲಲು ಒಂದು ದಿನದ ಕೂಲಿ ಬಿಡಲಾಗದವರು ಹಿಂದೆ ಬೀಳುತ್ತಾರೆ, ಆದ್ದರಿಂದ ಚೀಟಿ ಎತ್ತಬೇಕು ಎಂದು ಟಿಪ್ಪಣಿ ಮಂಡಿಸಿದವನೂ ನಾನೇ.

ಚೀಟಿ ಎತ್ತುವುದರಲ್ಲಿ ಏನಿದೆ ಎಂದುಕೊಂಡಿದ್ದೆ. ಹಿಂದಿನ ರಾತ್ರಿ ಒಂದೂ ತಪ್ಪಬಾರದೆಂದು ನೂರು ನೂರರ ಕಟ್ಟುಗಳನ್ನು ಎಣಿಸಿ, ವಹಿಯಲ್ಲಿ ಗುರುತು ಹಾಕಿಕೊಂಡು, 1ರಿಂದ ಕ್ರಮವಾಗಿ ಡ್ರಮ್ಮಿಗೆ ಸುರಿದೆ. ಅದು ಬಾಯಿವರೆಗೆ ತುಂಬಿತು. ವೇದಿಕೆಗೂ ಮೈಕಿಗೂ ಹಣವಿತ್ತು. ದೊಡ್ಡ ಡ್ರಮ್ಮಿಗೆ ಕಳಿಸಿದ ಬೇಡಿಕೆ ಮಾತ್ರ ‘ಹಾಲಿ ಇರುವುದನ್ನೇ ಬಳಸುವುದು’ ಎಂಬ ಷರಾ ಹೊತ್ತು ಮರಳಿತ್ತು. ಬೆಳಿಗ್ಗೆ ಸಾಹೇಬರು ಅದನ್ನು ಎರಡು ಸುತ್ತು ತಿರುಗಿಸಿದರು. ಒಳಗೆ ಕದಲಲು ಜಾಗವೇ ಇರಲಿಲ್ಲ.

588. 602. 571. 609. ಚಪ್ಪಾಳೆ. ಎಂಟನೆಯ ಚೀಟಿಯ ಹೊತ್ತಿಗೆ ನನ್ನ ಕಿವಿ ಬಿಸಿಯಾಯಿತು. ಇನ್ನೆರಡು ಚೀಟಿಯಲ್ಲಿ ಸರಿಹೋದೀತು ಎಂದು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದೆ. ಹತ್ತಾಯಿತು. ಒಂಬತ್ತು 500ರ ಮೇಲಿನವು. ಸರಿಯಾಗಿ ಬೆರೆತಿದ್ದರೆ ಎರಡರ ಆಸುಪಾಸು ಬರಬೇಕಿತ್ತು.

ಮುಂದಿನ ಸಾಲಿನಲ್ಲಿದ್ದ 37ನೇ ಸಂಖ್ಯೆಯ ಹೆಂಗಸು ಎದ್ದು ನಿಂತರು.

“ಸ್ವಾಮಿ, ಮೊದಲು ಅರ್ಜಿ ಕೊಟ್ಟವರ ಚೀಟಿಗಳು ಅದರಲ್ಲಿ ಇವೆಯೇ?”

“ಇವೆ ಅಮ್ಮಾ.”

“ಹಾಗಾದರೆ ತಳದಲ್ಲಿರಬೇಕು.”

ಸಾಹೇಬರು ನನ್ನತ್ತ ನೋಡಿದರು. ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಬಿಡಿಸಿದೆ. 14, 62, 9, 41. ಮೈಕ್ ಆರಿಸುವುದನ್ನು ಯಾರೋ ಮರೆತಿದ್ದರು. ಸಾಹೇಬರು ಬೈದದ್ದು ಸಭೆಗೆಲ್ಲ ಕೇಳಿಸಿತು.

1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೇನೆಗೆ ಯುವಕರನ್ನು ಕರೆಯಲು 366 ಜನ್ಮದಿನಗಳನ್ನು ಹೀಗೆಯೇ ಎತ್ತಿದ್ದರಂತೆ. ತಿಂಗಳ ಕ್ರಮದಲ್ಲಿ ಹಾಕಿ ಚೆನ್ನಾಗಿ ಬೆರೆಸದ ಕಾರಣ ವರ್ಷದ ಕೊನೆಯಲ್ಲಿ ಹುಟ್ಟಿದವರ ಸರದಿ ಬೇಗ ಬಂದಿತ್ತು. ಆಮೇಲೆ ಓದಿದೆ. ಮೊದಲೇ ಓದಿದ್ದರೂ ನನ್ನ ಡ್ರಮ್ಮು ನೆನಪಾಗುತ್ತಿತ್ತೋ ಇಲ್ಲವೋ.

ಹತ್ತೂ ಆಯ್ಕೆ ರದ್ದಾದವು. ಮುಂದಿನ ವಾರ ಡ್ರಮ್ಮನ್ನೇ ಕೈಬಿಟ್ಟೆವು. 0ಯಿಂದ 9ರವರೆಗೆ ಬರೆದ ಹತ್ತು ಚೆಂಡು, ಒಂದು ಚೀಲ: ನೂರಕ್ಕೊಮ್ಮೆ, ಹತ್ತಕ್ಕೊಮ್ಮೆ, ಬಿಡಿಗೊಮ್ಮೆ ಎತ್ತುವುದು, ಎತ್ತಿದ್ದನ್ನು ಪ್ರತಿ ಸಲ ಚೀಲಕ್ಕೇ ಹಾಕುವುದು. ಸಂಖ್ಯೆ 611 ದಾಟಿದರೆ, ಮೂರೂ ಸೊನ್ನೆಯಾದರೆ, ಒಮ್ಮೆ ಬಂದದ್ದೇ ಮತ್ತೆ ಬಂದರೆ ಬಿಟ್ಟು ಮುಂದಕ್ಕೆ. ಮಧ್ಯಾಹ್ನ ಕಳೆದರೂ ಯಾರೂ ಎದ್ದು ಹೋಗಲಿಲ್ಲ. 37 ಬರಲಿಲ್ಲ. 588 ಕೂಡ.

ರದ್ದಾದ ದಿನ ಚೀಟಿ ಮರಳಿಸಿ ಎಂದಾಗ 588ರವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡಿದ್ದರು. “ನಾನೇನೂ ಮೋಸ ಮಾಡಿಲ್ಲವಲ್ಲ ಸಾರ್?” ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ನಡಾವಳಿಯಲ್ಲಿ ಚೀಟಿಗಳು 610 ಎಂದು ಬರೆಯಬೇಕಿತ್ತು. 611 ಎಂದೇ ಬರೆದು ಸಹಿ ಹಾಕಿದೆ.