ಎರಡು ಸರ್ವರ್, ಒಂಬತ್ತು ವಿಳಾಸ

ಒರಾಕಲ್ ಆರ್‌ಎಸಿ ಕ್ಲಸ್ಟರ್ ಕಟ್ಟಿಕೊಡಿ ಎಂದು ಯಾರೇ ಬಂದರೂ (ರೈಲು ಟಿಕೆಟ್ಟಿನ ಆರ್‌ಎಸಿ ಅಲ್ಲ; ಒಂದೇ ಡೇಟಾಬೇಸನ್ನು ಹಲವು ಸರ್ವರ್‌ಗಳು ಒಟ್ಟಾಗಿ ನಡೆಸುವ ಏರ್ಪಾಡು) ನಾನು ಮೊದಲು ಕೇಳುವುದು ಒಂದು ಹಾಳೆ. ಪ್ರತಿಯೊಂದು ಹೆಸರು, ಅದರ ಎದುರಿಗೆ ಐಪಿ ವಿಳಾಸ, ಕೆಳಗೆ ನೆಟ್‌ವರ್ಕ್ ವಿಭಾಗದವರ ಸಹಿ. ಅದು ಕೈಗೆ ಬರುವವರೆಗೆ ಇನ್‌ಸ್ಟಾಲರ್ ತೆರೆಯುವುದಿಲ್ಲ.

ನೆಟ್‌ವರ್ಕ್ ವಿಭಾಗದವರ ಪ್ರಶ್ನೆಯೂ ಪ್ರತಿ ಸಲ ಒಂದೇ: "ಇರುವುದು ಎರಡು ಸರ್ವರ್, ಒಂಬತ್ತು ವಿಳಾಸ ಏಕೆ ಸರ್?" ಲೆಕ್ಕ ಹೀಗೆ. ಸಾರ್ವಜನಿಕ ವಿಳಾಸ ಎರಡು, ವಿಐಪಿ (ವರ್ಚುವಲ್ ಐಪಿ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಜಿಗಿಯಬಲ್ಲ ವಿಳಾಸ) ಎರಡು, ಸ್ಕ್ಯಾನ್ (ಇಡೀ ಕ್ಲಸ್ಟರ್‌ಗೆ ಇರುವ ಒಂದೇ ಹೆಸರಿನ ವಿಳಾಸಗಳು) ಮೂರು. ಈ ಏಳೂ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ಜಾಲದ ಒಂದೇ ಭಾಗದಲ್ಲಿ, ಇರಬೇಕು. ಉಳಿದ ಎರಡು ವಿಳಾಸ ಸರ್ವರ್‌ಗಳ ಒಳಮಾತಿಗೆ, ಅವು ಬೇರೆಯೇ ಸಬ್‌ನೆಟ್‌ನಲ್ಲಿ.

ಹೆಚ್ಚು ತಕರಾರು ಬರುವುದು ವಿಐಪಿ ಬಗ್ಗೆ. ಒಂದು ಸರ್ವರ್ ಸತ್ತರೆ ಅದರ ಸಾರ್ವಜನಿಕ ವಿಳಾಸಕ್ಕೆ ಹೋದ ಕೋರಿಕೆಗೆ ಉತ್ತರವೇ ಇಲ್ಲ. ಸಂಪರ್ಕ ನಡೆಸುವ ಟಿಸಿಪಿ ಕೈಚೆಲ್ಲುವ ತನಕ ಗ್ರಾಹಕ ತಂತ್ರಾಂಶ ಸುಮ್ಮನೆ ಕಾಯುತ್ತದೆ, ಕೆಲವೊಮ್ಮೆ ನಿಮಿಷಗಟ್ಟಲೆ. ವಿಐಪಿಯಾದರೆ ಬದುಕಿರುವ ಸರ್ವರ್‌ಗೆ ಜಿಗಿದು, ಬಂದ ಕೋರಿಕೆಯನ್ನು ತಕ್ಷಣ ನಿರಾಕರಿಸುತ್ತದೆ. ಬೀಗ ಹಾಕಿದ ಮನೆಯ ಮುಂದೆ ನಿಂತವರಿಗೆ ಪಕ್ಕದ ಮನೆಯವರು "ಅವರು ಊರಲ್ಲಿಲ್ಲ" ಎಂದು ಕೂಗಿ ಹೇಳಿದ ಹಾಗೆ. ತಂತ್ರಾಂಶ ಪಟ್ಟಿಯ ಮುಂದಿನ ವಿಳಾಸಕ್ಕೆ ಹೊರಡುತ್ತದೆ.

ಸ್ಕ್ಯಾನ್ ಬಂದದ್ದು 2009ರಲ್ಲಿ, ಒರಾಕಲ್‌ನ 11ಜಿ ರಿಲೀಸ್ 2 ಆವೃತ್ತಿಯ ಜೊತೆಗೆ. ಒಂದು ಹೆಸರು, ಮೂರು ವಿಳಾಸ; ಸರ್ವರ್ ಎರಡಿರಲಿ ಎಂಟಿರಲಿ, ಮೂರೇ. ಇದನ್ನು ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲೇ ಬರೆಸಬೇಕು. ಆಯಾ ಯಂತ್ರದೊಳಗಿನ ಹೋಸ್ಟ್ಸ್ ಕಡತದಲ್ಲಿ ಬರೆದು ಮುಗಿಸುವವರಿದ್ದಾರೆ. ಆಗ ದಕ್ಕುವುದು ಒಂದೇ ವಿಳಾಸ.

ಒಳಜಾಲಕ್ಕೆ ಪ್ರತ್ಯೇಕ ಸ್ವಿಚ್ ಬೇಕೇ ಬೇಕು. "ಎರಡೇ ಸರ್ವರ್ ತಾನೆ, ನೇರ ಕೇಬಲ್ ಎಳೆದರಾಯಿತು" ಎನ್ನುವ ಉಳಿತಾಯ ಬುದ್ಧಿಗೆ ನಾನು ಒಪ್ಪುವುದಿಲ್ಲ, ಒರಾಕಲ್ ಕೂಡ ಒಪ್ಪುವುದಿಲ್ಲ. ಒಂದು ತುದಿ ಆರಿದರೆ ಇನ್ನೊಂದು ತುದಿಯ ಕಾರ್ಡ್ ಕೂಡ ಲಿಂಕ್ ಕಳೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಹಾದಿಯ ನಾಡಿಬಡಿತ ("ಬದುಕಿದ್ದೇನೆ" ಎಂಬ ಸಂಕೇತ) 30 ಸೆಕೆಂಡು ತಪ್ಪಿದರೆ ಒಂದು ಸರ್ವರ್‌ಗೆ ಕ್ಲಸ್ಟರ್‌ನಿಂದ ಗಡೀಪಾರು.

ಇನ್ನು ಹೆಸರು. ವಿಐಪಿ, ಸ್ಕ್ಯಾನ್ ವಿಳಾಸಗಳನ್ನು ಮುಂದೆ ಬದಲಾಯಿಸಬಹುದು. ಸರ್ವರ್‌ನ ಹೆಸರು ಬದಲಾಗಬೇಕೆಂದರೆ ಅದನ್ನು ಕ್ಲಸ್ಟರ್‌ನಿಂದ ತೆಗೆದು ಮತ್ತೆ ಸೇರಿಸಬೇಕು. ಆದ್ದರಿಂದ ಹೆಸರಿನಲ್ಲಿ ಮಹಡಿ, ಕಟ್ಟಡ, ಊರು ಯಾವುದೂ ಬೇಡ. ಯಂತ್ರಕ್ಕೂ ವರ್ಗಾವಣೆ ಇದೆ. ಅಂಡರ್‌ಸ್ಕೋರ್ ಸಲ್ಲದು, ಕ್ಲಸ್ಟರ್ ಹೆಸರು 15 ಅಕ್ಷರ ಮೀರಬಾರದು. ಒಂದು ಕಡೆ ರಾಮ, ಲಕ್ಷ್ಮಣ ಎಂದು ಇಟ್ಟಿದ್ದರು. ಭಕ್ತಿಗೆ ನನ್ನ ಅಡ್ಡಿಯಿಲ್ಲ. ಆದರೆ ಲಕ್ಷ್ಮಣನನ್ನು ಇಂಗ್ಲಿಷಿನಲ್ಲಿ ಒಬ್ಬರು ಎಕ್ಸ್ ಹಾಕಿ, ಇನ್ನೊಬ್ಬರು ಕೆಎಸ್‌ಎಚ್ ಹಾಕಿ ಬರೆಯುತ್ತಿದ್ದರು; ನಡುರಾತ್ರಿ ಲಾಗಿನ್ ಆಗಲು ಪರದಾಟ. ನಾನು ಇಡುವುದು ಡಿಬಿ1, ಡಿಬಿ2ರಂಥ ನೀರಸ ಹೆಸರುಗಳನ್ನೇ. ವಿಳಾಸದ ಕೊನೆಯ ಅಂಕಿಯೂ ಅದಕ್ಕೆ ಹೊಂದಬೇಕು: ಡಿಬಿ1ಕ್ಕೆ ಸಾರ್ವಜನಿಕ 21, ವಿಐಪಿ 31, ಡಿಬಿ2ಕ್ಕೆ 22, 32.

ಹಾಳೆ ಬಂದ ಮೇಲೆ ಪಿಂಗ್, ಅಂದರೆ ಪ್ರತಿ ವಿಳಾಸವನ್ನೂ ಕೂಗಿ ನೋಡುವುದು. ವಿಐಪಿ, ಸ್ಕ್ಯಾನ್ ವಿಳಾಸಗಳು ಈ ಹಂತದಲ್ಲಿ ಉತ್ತರಿಸಲೇಬಾರದು. ಒಂದು ಕಚೇರಿಯಲ್ಲಿ ಸಹಿ ಬಿದ್ದ ಹಾಳೆಯ ವಿಐಪಿಯೊಂದು ಠಣ್ಣನೆ ಉತ್ತರ ಕೊಟ್ಟಿತು. ಹುಡುಕಿಕೊಂಡು ಹೋದರೆ ಲೆಕ್ಕಪತ್ರ ವಿಭಾಗದ ಪ್ರಿಂಟರ್. ಸಂಬಳದ ಚೀಟಿಗಳು ಅಚ್ಚಾಗುತ್ತಿದ್ದವು, ಹಾಗಾಗಿ ಅಂದು ಪ್ರಿಂಟರ್ ಅಲುಗಲಿಲ್ಲ. ನಮಗೆ ಹೊಸ ವಿಳಾಸ, ಹೊಸ ಹಾಳೆ, ಹೊಸ ಸಹಿ.