ಕನ್ನಡ ಮಾಡಿದ ಮಾತ್ರಕ್ಕೆ ನಮ್ಮದಾಗಲ್ಲ

ನಮ್ಮ ಆಟಕ್ಕೆ ಅಂತ ನಾನು ಕನ್ನಡದಲ್ಲಿ ಮಾಡುತ್ತಿರುವ ಆ್ಯಪ್ ಯಾವಾಗ ಪ್ಲೇಸ್ಟೋರಿಗೆ ಬರುತ್ತೆ ಅಂತ ನಮ್ಮ ಹಾಸನದ ಆಟದ ಗುಂಪಿನವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಿರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ನಾವು ಐದು ಜನ. ಭಾನುವಾರ ಮಧ್ಯಾಹ್ನ ಸಾಲಗಾಮೆ ರಸ್ತೆಯ ನಮ್ಮ ಮನೆಯ ಮಹಡಿ ಮೇಲೆ ಸೇರುತ್ತೇವೆ. ಮಾತುಕತೆಯೆಲ್ಲ ಕನ್ನಡದಲ್ಲೇ, ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಇಬ್ಬರಿಗೆ ಆ ಇಂಗ್ಲಿಷ್ ಕಷ್ಟ. ಯಾರಾದರೂ ಮಂತ್ರ ಹಾಕಿದಾಗಲೆಲ್ಲ ಆಟ ನಿಲ್ಲಿಸಿ, ಪುಟ ಹುಡುಕಿ, ಓದಿ, ಅರ್ಥ ಹೇಳಬೇಕು. ಅಷ್ಟರಲ್ಲಿ ಆಟದ ಬಿಸಿ ಆರಿಹೋಗಿರುತ್ತದೆ.

ಅದಕ್ಕೇ ಆ್ಯಪ್ ಶುರು ಮಾಡಿದ್ದು. ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟ್, ದಾಳ ಉರುಳಿಸುವ ಬಟನ್, ಜೊತೆಗೆ ಕನ್ನಡದಲ್ಲಿ ಮಂತ್ರಗಳ ವಿವರ. ಕಳೆದ ಮಳೆಗಾಲ ಪೂರ್ತಿ ಕೆಲಸ ಮುಗಿಸಿ ಬಂದು ರಾತ್ರಿ ಕೂತು 140 ಮಂತ್ರಗಳನ್ನು ಕನ್ನಡ ಮಾಡಿದೆ. ಒಂದೊಂದು ಪದಕ್ಕೂ ಒದ್ದಾಡಿದ್ದೇನೆ. 'ಸೇವಿಂಗ್ ಥ್ರೋ'ಗೆ 'ತಪ್ಪಿಸಿಕೊಳ್ಳುವ ದಾಳ' ಅಂತ ಹೊಳೆದ ದಿನ ಎಷ್ಟು ಖುಷಿಯಾಗಿತ್ತು ಅಂದರೆ ಮಲಗಿದ್ದ ತಮ್ಮನನ್ನು ಎಬ್ಬಿಸಿ ಹೇಳಿದ್ದೆ.

ನಮ್ಮ ಅತ್ತಿಗೆ ಲಾಯರ್. ಒಂದು ದಿನ ಊಟ ಆದಮೇಲೆ ಅವರಿಗೆ ಆ್ಯಪ್ ತೋರಿಸಿದೆ. ಸ್ವಲ್ಪ ಹೊತ್ತು ಬೆರಳಲ್ಲಿ ಸರಿಸುತ್ತಾ ಓದಿದರು.

"ಈ ಮಾತೆಲ್ಲ ನೀನೇ ಬರೆದಿದ್ದಾ?"

"ಪುಸ್ತಕದ್ದು ಅತ್ತಿಗೆ. ಕನ್ನಡ ಮಾಡಿದ್ದು ನಾನು."

"ಅವರನ್ನ ಕೇಳಿದ್ಯಾ?"

"ದುಡ್ಡು ತಗೊಳ್ತಿಲ್ವಲ್ಲ, ಫ್ರೀಯಾಗಿ ಕೊಡ್ತಿರೋದು."

"ಫ್ರೀ ಕೊಟ್ರೂ ಅವರ ಬರಹ ಅವರದ್ದೇ ಕಣೋ. ಅನುವಾದ ಮಾಡೋ ಹಕ್ಕೂ ಅವರದ್ದೇ."

ಫೋನಿನಲ್ಲೇ 1957ರ ಕಾಪಿರೈಟ್ ಕಾಯ್ದೆ ತೆಗೆದು 14ನೇ ಸೆಕ್ಷನ್ ತೋರಿಸಿದರು. ಬರೆದವರಿಗೆ ಮಾತ್ರ ಇರುವ ಹಕ್ಕುಗಳ ಪಟ್ಟಿ ಅದು. ಅದರಲ್ಲಿ ಅನುವಾದ ಅಂತ ಸ್ಪಷ್ಟವಾಗಿ ಇದೆ. ನಾನು ಇಷ್ಟು ದಿನ ಯೋಚಿಸಿದ್ದೇ ಬೇರೆ. ಸಾಲು ನನ್ನದು, ಪದ ನನ್ನದು, ಪುಸ್ತಕದಲ್ಲಿ ಒಂದಕ್ಷರ ಕನ್ನಡ ಇಲ್ಲ, ಹಾಗಾಗಿ ಇದು ನನ್ನ ಬರಹ ಅಂದುಕೊಂಡಿದ್ದೆ. ನಮ್ಮಲ್ಲಿ ಜಾಸ್ತಿ ಜನ ಹೀಗೇ ಅಂದುಕೊಂಡಿರುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಆ್ಯಪಿನ ಕೊನೆಗೆ 'ಕಾಪಿರೈಟ್ ಉಲ್ಲಂಘನೆ ನಮ್ಮ ಉದ್ದೇಶವಲ್ಲ' ಅಂತ ಒಂದು ಸಾಲು ಹಾಕಿಬಿಟ್ಟರೆ ಆಯ್ತು ಅನ್ನುವವರೂ ಇದ್ದಾರೆ. ಅದರಿಂದ ಯಾವ ರಕ್ಷಣೆಯೂ ಸಿಗಲ್ಲ.

ಹಾಗಂತ ಎಲ್ಲವೂ ಅವರದ್ದಲ್ಲ. ಇಲ್ಲಿಂದ ಮುಂದೆ ವಿಷಯ ನಿಜಕ್ಕೂ ಚೆನ್ನಾಗಿದೆ. ಕಾಪಿರೈಟ್ ಇರುವುದು ಬರೆದ ರೀತಿಗೆ, ಐಡಿಯಾಗೆ ಅಲ್ಲ. ಫೈರ್‌ಬಾಲ್ ಮಂತ್ರ ತಗೊಳ್ಳಿ. ಅದರ ವ್ಯಾಪ್ತಿ 20 ಅಡಿ ತ್ರಿಜ್ಯ. ಅಷ್ಟರೊಳಗೆ ಇದ್ದವರಿಗೆಲ್ಲ ಆರು ಮುಖದ ಎಂಟು ದಾಳದಷ್ಟು ಪೆಟ್ಟು, ತಪ್ಪಿಸಿಕೊಂಡರೆ ಅದರಲ್ಲಿ ಅರ್ಧ. ಈ ಲೆಕ್ಕಕ್ಕೆ ಯಾರೂ ಬೇಲಿ ಹಾಕಲು ಆಗಲ್ಲ. ಆ ಬೆಂಕಿ ಹೇಗೆ ಹೊಮ್ಮುತ್ತೆ, ಹೇಗೆ ಸಿಡಿಯುತ್ತೆ ಅಂತ ಬಣ್ಣಿಸಿದ ವಾಕ್ಯಗಳು ಬರೆದವರ ಸೊತ್ತು. ಚಿತ್ರಗಳಂತೂ ಹೇಳುವುದೇ ಬೇಡ. ನಿಯಮ ಅರ್ಥ ಮಾಡಿಕೊಂಡು, ಪುಸ್ತಕ ಮುಚ್ಚಿಟ್ಟು, ನಮ್ಮದೇ ಮಾತಲ್ಲಿ ಹೊಸದಾಗಿ ಬರೆಯುವುದು ಬೇರೆ, ಸಾಲಿಗೆ ಸಾಲು ಕನ್ನಡ ಮಾಡುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಹೆಸರಿನ ವಿಷಯ ಇನ್ನೊಂದು. ಅಕ್ಷರ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಟದ ಕೇಸು ನೆನಪಿದೆಯಾ? ಕೋಲ್ಕತ್ತಾದ ಇಬ್ಬರು ಅಣ್ಣತಮ್ಮಂದಿರು ಸ್ಕ್ರ್ಯಾಬ್ಯುಲಸ್ ಅಂತ ಆಟ ಮಾಡಿದ್ದರು, ಫೇಸ್‌ಬುಕ್ಕಿನಲ್ಲಿ ಜನ ಮುಗಿಬಿದ್ದು ಆಡಿದರು. ಸ್ಕ್ರ್ಯಾಬಲ್ ಹಕ್ಕು ಹೊಂದಿದ್ದ ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ಮಧ್ಯಂತರ ಆದೇಶದಲ್ಲಿ ಕೋರ್ಟು ಆಟದ ಬೋರ್ಡಿನ ಕಾಪಿರೈಟ್ ವಾದವನ್ನು ಒಪ್ಪಲಿಲ್ಲ, ಆದರೆ ಆ ಹೆಸರು ಬಳಸಬಾರದು ಅಂತ ತಡೆ ಕೊಟ್ಟಿತು. ಅವರನ್ನು ಕಟ್ಟಿಹಾಕಿದ್ದು ಹೆಸರಿನ ಮೇಲಿನ ಹಕ್ಕು, ಅಂದರೆ ಟ್ರೇಡ್‌ಮಾರ್ಕ್. ಅದನ್ನು ಓದಿದ ರಾತ್ರಿಯೇ ನನ್ನ ಆ್ಯಪಿನ ಹೆಸರು ಬದಲಾಯಿಸಿದೆ. ಮೊದಲು ಅದರಲ್ಲಿ ಡ್ರಾಗನ್ಸ್ ಅಂತ ಇತ್ತು, ಅಕ್ಷರದ ಶೈಲಿಯೂ ಮೂಲ ಲೋಗೋದ ಥರಾನೇ ಇತ್ತು. ಎರಡನ್ನೂ ತೆಗೆದೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರ ಅದೃಷ್ಟ ಅಂದರೆ ಎಸ್‌ಆರ್‌ಡಿ. ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ ಅಂತ, ಆಟದ ಮುಖ್ಯ ನಿಯಮಗಳ ಸುಮಾರು 400 ಪುಟದ ಕಡತ. ಇದನ್ನು 2016ರಿಂದ ಓಪನ್ ಗೇಮ್ ಲೈಸೆನ್ಸಿನಡಿ ಬಳಸಬಹುದಿತ್ತು. 2023ರ ಜನವರಿಯಲ್ಲಿ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಆ ಲೈಸೆನ್ಸನ್ನೇ ಬಿಗಿ ಮಾಡಲು ಹೊರಟಿದೆ ಅಂತ ಕರಡು ಸೋರಿಕೆಯಾಗಿ ಪ್ರಪಂಚದ ಆಟಗಾರರೆಲ್ಲ ರೊಚ್ಚಿಗೆದ್ದರು. ಅದೇ ತಿಂಗಳ 27ಕ್ಕೆ ಕಂಪನಿ ಹಿಂದೆ ಸರಿದು ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಲೈಸೆನ್ಸಿನಲ್ಲಿ ಬಿಟ್ಟಿತು. ಈ ಲೈಸೆನ್ಸಿನಲ್ಲಿ ಅನುವಾದಕ್ಕೂ ಅನುಮತಿ ಇದೆ, ಮಾರಾಟಕ್ಕೂ ಇದೆ. ಅವರು ಹೇಳಿದ ಹಾಗೆ ಮೂಲದ ಹೆಸರು ಹಾಕಬೇಕು, ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಅಂತ ತಿಳಿಸಬೇಕು. ಒಮ್ಮೆ ಕೊಟ್ಟಮೇಲೆ ವಾಪಸ್ ತಗೊಳ್ಳುವ ಹಾಗಿಲ್ಲ. ಆಟಗಾರರು ಅಂದು ಸುಮ್ನೆ ಕೂತಿದ್ದರೆ ಇವತ್ತು ನನ್ನ ಕನ್ನಡದ ಆ್ಯಪಿಗೆ ದಾರಿ ಇರುತ್ತಿತ್ತಾ?

ನಾನು ಎಸ್‌ಆರ್‌ಡಿಯನ್ನು ಪಕ್ಕದಲ್ಲಿಟ್ಟುಕೊಂಡು ನನ್ನ 140ನ್ನೂ ಒಂದೊಂದಾಗಿ ತಾಳೆ ನೋಡಿದೆ. 102 ಮಂತ್ರ ಅದರಲ್ಲಿದ್ದವು. ಕೆಲವಕ್ಕೆ ಹೆಸರು ಮಾತ್ರ ಬೇರೆ. ಪುಸ್ತಕದಲ್ಲಿ 'ಮೆಲ್ಫ್ಸ್ ಆ್ಯಸಿಡ್ ಆ್ಯರೋ' ಅಂತ ಇರುವುದು ಅಲ್ಲಿ ಬರೀ 'ಆ್ಯಸಿಡ್ ಆ್ಯರೋ'. ಮೆಲ್ಫ್ ಅನ್ನುವ ಮಂತ್ರವಾದಿಯ ಹೆಸರು ಅವರು ಬಿಟ್ಟುಕೊಟ್ಟಿಲ್ಲ, ಹಾಗಾಗಿ ನಾನೂ ಕಿತ್ತೆ. ಉಳಿದ 38 ಆ್ಯಪಿನಿಂದ ಹೊರಗೆ ಹೋದವು. ಒಂದೊಂದನ್ನು ಅಳಿಸುವಾಗಲೂ ಯಾವ ರಾತ್ರಿ ಬರೆದಿದ್ದು ಅಂತ ನೆನಪಾಗುತ್ತಿತ್ತು, ಸಂಕಟ ಆಯಿತು. ಅವುಗಳ ಒಂದು ಪ್ರಿಂಟ್ ನಮ್ಮ ಮೇಜಿನ ಫೈಲಿನಲ್ಲಿದೆ. ಸ್ವಂತ ಬಳಕೆಗೆ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಜಾಗ ಇದೆ, ಮನೆಯಲ್ಲಿ ಇಟ್ಟುಕೊಂಡು ಆಡ್ಕೋ, ಹಂಚಬೇಡ ಅಂದರು ಅತ್ತಿಗೆ.

ಆ್ಯಪಿನಲ್ಲಿದ್ದ ರಾಕ್ಷಸರ ಪಟ್ಟಿಯಿಂದ ಬಿಹೋಲ್ಡರ್ ಹೋಯಿತು. ದೊಡ್ಡ ಒಂಟಿ ಕಣ್ಣು, ತಲೆ ಮೇಲೆ ಹತ್ತು ಚಿಕ್ಕ ಕಣ್ಣು, ಈ ಆಟದ ಗುರುತೇ ಅದು. ಎಸ್‌ಆರ್‌ಡಿಯಲ್ಲಿ ಅದರ ವಿವರ ಇಲ್ಲ. ಅದರ ಜಾಗದಲ್ಲಿ ಏನು ಹಾಕಲಿ ಅಂತ ಯೋಚಿಸುವಾಗ ತಮ್ಮ ಹೇಳಿದ, ಹಳೇಬೀಡಿನ ಗೋಡೆ ತುಂಬ ಮಕರ ಇದೆಯಲ್ಲ ಅಂತ. ಹೌದಲ್ವಾ! ಸೊಂಡಿಲಿನಂಥ ಮೂತಿ, ನವಿಲಿನಂಥ ಬಾಲ, ಸಾಲುಸಾಲಾಗಿ ನಿಂತಿವೆ. ಕೆತ್ತಿ ಎಂಟುನೂರು ವರ್ಷ ಮೇಲಾಯಿತು, ಯಾರ ಅಪ್ಪಣೆಯೂ ಬೇಡ. ಜೊತೆಗೆ ಅಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವವನ್ನೂ ಸೇರಿಸಿದೆ. ಗದ್ದೆ ಬದುವಿನ ಮೇಲೆ ದೂರದಲ್ಲಿ ಉರಿಯುತ್ತಾ ಓಡುವುದು, ಹಿಂದೆ ಹೋದವರಿಗೆ ದಾರಿ ತಪ್ಪುವುದು. ಅದಕ್ಕೆ ದಾಳದ ಲೆಕ್ಕ ಕೂಡಿಸುವುದು ಎಷ್ಟು ಸಲೀಸಾಯಿತು ಗೊತ್ತಾ?

ಮಕರದ ಚಿತ್ರಕ್ಕೆ ನೆಟ್ಟಿನಿಂದ ಒಂದು ಒಳ್ಳೇ ಫೋಟೊ ಇಳಿಸಿಕೊಂಡಿದ್ದೆ. ಅದನ್ನೂ ತೆಗೆದೆ. ಶಿಲ್ಪ ಹಳೆಯದು, ಫೋಟೊ ಹೊಸದು, ತೆಗೆದವರು ಬದುಕಿರುವಷ್ಟು ಕಾಲ, ಅವರು ಹೋದಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಅದಕ್ಕೇ ಈ ಭಾನುವಾರ ಆಟ ಇಲ್ಲ. ಬೆಳಗ್ಗೆ ಬಸ್ಸಿಗೆ ಐವರೂ ಹಳೇಬೀಡಿಗೆ ಹೋಗುತ್ತಿದ್ದೇವೆ, ತಮ್ಮ ಸ್ಕೆಚ್ ಬುಕ್ ತರುತ್ತಾನೆ, ನಾನು ಕ್ಯಾಮೆರಾ. ಮಕರದ ಚಿತ್ರ ಕೂತ ಮೇಲೆ ಆ್ಯಪ್ ಪ್ಲೇಸ್ಟೋರಿಗೆ.